‘ಕನ್ನಡ’ ಅಂತ ಬರೆಯಲು ಐದೇ ಕೀ

ಪ್ರಶ್ನೆ: ಕನ್ನಡ ಟೈಪಿಂಗ್ ಕಲಿಯಬೇಕು ಅಂತಿದ್ದೇನೆ. ಕೀಬೋರ್ಡ್ ಮೇಲೆ ಇರುವುದೆಲ್ಲ ಇಂಗ್ಲಿಷ್, ಅದೂ ಎ ಬಿ ಸಿ ಡಿ ಸಾಲಿನಲ್ಲಿಲ್ಲ. ಬೇರೆ ಕೀಬೋರ್ಡ್ ಕೊಳ್ಳಬೇಕಾ? (ಓದುಗರು, ಹೊಸದುರ್ಗ)

ಉತ್ತರ: ಏನೂ ಕೊಳ್ಳಬೇಡಿ. ಮನೆಯಲ್ಲಿರುವ ಕೀಬೋರ್ಡೇ ಸಾಕು. ಕೀ ಒತ್ತಿದಾಗ ಕಂಪ್ಯೂಟರಿಗೆ ಹೋಗುವುದು ಅಕ್ಷರ ಅಲ್ಲ, ‘ಇಂಥ ಜಾಗದ ಕೀ ಒತ್ತಿದರು’ ಅನ್ನುವ ಒಂದು ಸಂಖ್ಯೆ ಅಷ್ಟೆ. ಅದನ್ನು ಇಂಗ್ಲಿಷ್ ‘ಕೆ’ ಮಾಡಬೇಕೋ ನಮ್ಮ ‘ಕ’ ಮಾಡಬೇಕೋ ಅನ್ನುವುದು ಸಾಫ್ಟ್‌ವೇರ್ ಕೆಲಸ.

ಇಂಗ್ಲಿಷ್ ಅಕ್ಷರಗಳು ಹೀಗೆ ಚೆಲ್ಲಾಪಿಲ್ಲಿ ಆಗಿರುವುದು ಟೈಪ್‌ರೈಟರ್ ಕಾಲದಿಂದ. ಅಮೆರಿಕದ ಕ್ರಿಸ್ಟೋಫರ್ ಶೋಲ್ಸ್ ಮತ್ತು ಜೊತೆಗಾರರು ಮಾಡಿದ ಯಂತ್ರವನ್ನು ರೆಮಿಂಗ್ಟನ್ ಕಂಪನಿ 1874ರಲ್ಲಿ ಮಾರಾಟಕ್ಕೆ ತಂದಿತು. ಜನರ ಬೆರಳಿಗೆ ಅದೇ ರೂಢಿಯಾಯಿತು, ಕಂಪ್ಯೂಟರಿಗೂ ಅದೇ ಬಂತು.

ಕನ್ನಡಕ್ಕೆ ಮುಖ್ಯವಾಗಿ ಎರಡು ದಾರಿ. ಒಂದು ಇನ್‌ಸ್ಕ್ರಿಪ್ಟ್ ಅನ್ನುವ ಕೀ ಜೋಡಣೆ. ಇದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಕನ್ನಡದ ‘ಕ’ ಇರುವ ಕೀಯಲ್ಲೇ ತೆಲುಗಿನ, ಹಿಂದಿಯ ‘ಕ’ ಕೂಡ ಇರುತ್ತದೆ. ಇನ್ನೊಂದು ಕೆ.ಪಿ. ರಾವ್ ಅವರು ರೂಪಿಸಿದ್ದು, ‘ನುಡಿ’ ಅನ್ನುವ ಕನ್ನಡ ಸಾಫ್ಟ್‌ವೇರ್ ಬಳಸಿದವರಿಗೆಲ್ಲ ಗೊತ್ತಿರುವುದು. ನಾನು ಹೇಳುವುದಾದರೆ ಇದನ್ನೇ ಕಲಿಯಿರಿ. ಕೆ ಒತ್ತಿದರೆ ‘ಕ’, ಶಿಫ್ಟ್ ಹಿಡಿದು ಕೆ ಒತ್ತಿದರೆ ‘ಖ’. ಕೆ ಆದ ಮೇಲೆ ಐ ಒತ್ತಿದರೆ ‘ಕಿ’. ಪ್ರತಿ ವ್ಯಂಜನಕ್ಕೂ ‘ಅ’ ಸೇರಿಸುವ ಗೋಜಿಲ್ಲ, ಯಾಕಂದ್ರೆ ನಮ್ಮ ಬರವಣಿಗೆಯಲ್ಲಿ ‘ಕ’ದೊಳಗೇ ‘ಅ’ ಇದೆ ಅಲ್ವಾ? ಒತ್ತಕ್ಷರ ಬೇಕಾದಾಗ ನಡುವೆ ಎಫ್ ಒತ್ತಿ. ‘ಟ’ಗೆ ಕ್ಯೂ, ‘ಡ’ಗೆ ಡಬ್ಲ್ಯು, ಇಂಥ ಕೆಲವನ್ನು ಸುಮ್ನೆ ನೆನಪಿಟ್ಟುಕೊಳ್ಳಬೇಕು. ಈಗ ‘ಕನ್ನಡ’ ಬರೆಯಿರಿ: ಕೆ, ಎನ್, ಎಫ್, ಎನ್, ಡಬ್ಲ್ಯು. ಐದೇ ಕೀ! ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕನ್ನಡಕ್ಕೆ ತಿರುಗಿಸುವವರಿಗೆ ಇದೇ ಪದಕ್ಕೆ ಏಳು ಬೇಕು. ಕನ್ನಡದ ಬರವಣಿಗೆ ಹೇಗೆ ನಡೆಯುತ್ತದೆ ಅಂತ ಚೆನ್ನಾಗಿ ತಿಳಿದವರು ಮಾಡಿದ ಕೆಲಸ ಇದು, ಪ್ರತಿದಿನ ಟೈಪ್ ಮಾಡುವಾಗಲೂ ನನಗೆ ಅವರ ಮೇಲೆ ಗೌರವ ಜಾಸ್ತಿಯಾಗುತ್ತದೆ.

ಪ್ರಶ್ನೆ: ಮೌಸ್‌ಗೆ ಇಲಿಯ ಹೆಸರು ಯಾಕೆ? (ವಿದ್ಯಾರ್ಥಿನಿ, ಸಾಗರ)

ಉತ್ತರ: ಬಾಲದಂತಿದ್ದ ವೈರ್‌ನಿಂದ. 1964ರ ಸುಮಾರಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಯೋಚಿಸಿದ್ದನ್ನು ಬಿಲ್ ಇಂಗ್ಲಿಷ್ ಮಾಡಿಕೊಟ್ಟರು. ಅದು ಮರದ ಪೆಟ್ಟಿಗೆ, ಮೇಲೆ ಒಂದೇ ಬಟನ್. ಅಡಿಯಲ್ಲಿ ಎರಡು ಚಕ್ರ, ಒಂದು ಅಡ್ಡಕ್ಕೆ ಎಷ್ಟು ಸರಿಯಿತು ಅಂತ ಅಳೆಯುತ್ತಿತ್ತು, ಇನ್ನೊಂದು ಉದ್ದಕ್ಕೆ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಂಗೆಲ್‌ಬಾರ್ಟ್ ಮೌಸನ್ನು ಎಲ್ಲರೆದುರು ಬಳಸಿ ತೋರಿಸಿದರು. ಆಮೇಲೆ ಚಕ್ರದ ಜಾಗಕ್ಕೆ ಉರುಳುವ ಗುಂಡು ಬಂತು, ಈಗ ಬೆಳಕು. ಬಾಲವೂ ಎಷ್ಟೋ ಮೌಸ್‌ಗಳಿಗೆ ಇಲ್ಲ.

ಪ್ರಶ್ನೆ: ಎಫ್ ಮತ್ತು ಜೆ ಕೀಗಳ ಮೇಲೆ ಸಣ್ಣ ಉಬ್ಬುಗೆರೆ ಇರುತ್ತದಲ್ಲ, ಏನದು? (ಓದುಗರು, ಗದಗ)

ಉತ್ತರ: ಕೀಬೋರ್ಡ್ ನೋಡದೆ ತೋರುಬೆರಳುಗಳನ್ನು ಅವುಗಳ ಜಾಗದಲ್ಲಿ ಇಡಲು. ಎಡಗೈಯದು ಎಫ್ ಮೇಲೆ, ಬಲಗೈಯದು ಜೆ ಮೇಲೆ. ಮೇಲೆ ಹೇಳಿದ ಒತ್ತಕ್ಷರದ ಕೀಯೂ ಅದೇ ಎಫ್, ಹಾಗಾಗಿ ಕನ್ನಡ ಬರೆಯುವಾಗ ಬೆರಳು ಅದನ್ನು ಹುಡುಕಿಕೊಂಡು ಹೋಗಬೇಕಾಗಿಯೇ ಇಲ್ಲ.