ಗುಂಡು ಹಾರಿಸಿದ್ದು ಯಾರು ಅಂತ ಬರೀರಿ

ನಮಸ್ಕಾರ. ತ್ಸಾರ್ ಕಾಲದ ರಷ್ಯಾದ ಪ್ರಗತಿ, ದಮನದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ತುಂಬಾ ಓದ್ಕೊಂಡು ಬರೆದಿದ್ದೀರಾ, ಇಸವಿಗಳು ಸರಿಯಾಗಿವೆ, ಭಾಷೆ ಕೂಡ ಚೆನ್ನಾಗಿದೆ. ಆದ್ರೆ ಮೂರನೇ ಪುಟಕ್ಕೆ ಬರೋ ಹೊತ್ತಿಗೆ ನಂಗೆ ಸಿಟ್ಟು ಬಂತು, ಕಾರಣ ಹೇಳದೆ ವಾಪಸ್ ಕಳಿಸೋಕೆ ಮನಸ್ಸು ಬರ್ಲಿಲ್ಲ.

ನಿಮ್ಮ ಸಾಲು: “ಲೇನಾ ಚಿನ್ನದ ಗಣಿಗಳಲ್ಲಿ ಅಶಾಂತಿ ಉಂಟಾಗಿ, 1912ರಲ್ಲಿ ಗುಂಡು ಹಾರಿಸಲಾಯಿತು. ಹಲವರು ಪ್ರಾಣ ಕಳೆದುಕೊಂಡರು.”

ಅಶಾಂತಿ ತಾನಾಗೇ ಉಂಟಾಯ್ತಾ? ಗಣಿ ಕಂಪನಿಯ ಅಂಗಡಿಯಲ್ಲಿ ಕೊಳೆತ ಮಾಂಸ ಕೊಟ್ರು, ಅಲ್ಲಿಂದ ಶುರುವಾಗಿದ್ದು. ಸಂಬಳದಲ್ಲಿ ಒಂದು ಪಾಲು ಕೂಪನ್ನಲ್ಲಿ, ಆ ಕೂಪನ್ ನಡೆಯೋದು ಅದೇ ಅಂಗಡಿಯಲ್ಲಿ ಮಾತ್ರ, ಅಂದ್ರೆ ಆ ಮಾಂಸ ಬೇಡ ಅಂದ್ರೆ ಸೈಬೀರಿಯಾದ ಆ ಕಾಡಲ್ಲಿ ಹೋಗಿ ಕೊಳ್ಳೋಕೆ ಬೇರೆ ಜಾಗ ಎಲ್ಲಿ? ಕೆಲಸ ನಿಲ್ಲಿಸಿದ ಗಣಿ ಕಾರ್ಮಿಕರ ಬೇಡಿಕೆಗಳಲ್ಲಿ ಎಂಟು ಗಂಟೆ ಕೆಲಸ, ಕೂಲಿ ಹೆಚ್ಚಳ, ದಂಡ ರದ್ದು ಇವೆಲ್ಲ ಇತ್ತು, ಜೊತೆಗೆ ನಮ್ಮನ್ನ ಏಕವಚನದಲ್ಲಿ ಕರೀಬೇಡಿ ಅನ್ನೋದೂ ಇತ್ತು. ಕನ್ನಡದ ಓದುಗರಿಗೆ ಇದಕ್ಕಿಂತ ಹತ್ತಿರದ ವಿಷಯ ಇನ್ನೇನು ಬೇಕ್ರೀ, ಇದನ್ನೇ ಬಿಟ್ಟಿದ್ದೀರಲ್ಲ!

“ಹಾರಿಸಲಾಯಿತು.” ಯಾರು ಹಾರಿಸಿದ್ದು? ಏಪ್ರಿಲ್ 4ಕ್ಕೆ (ಅವರ ಹಳೇ ಕ್ಯಾಲೆಂಡರ್ ಪ್ರಕಾರ) ಅರೆಸ್ಟ್ ಆದ ಮುಖಂಡರನ್ನ ಬಿಡಿ ಅಂತ ಕೇಳೋಕೆ, ಪ್ರಾಸಿಕ್ಯೂಟರ್ ಕೈಗೆ ಅರ್ಜಿ ಕೊಡೋಕೆ ನಡ್ಕೊಂಡು ಹೊರಟಿದ್ದ ಜನರ ಮೇಲೆ ಫೈರ್ ಮಾಡಿ ಅಂತ ಸೈನಿಕರಿಗೆ ಆರ್ಡರ್ ಕೊಟ್ಟಿದ್ದು ತ್ರೆಶ್ಚೆಂಕೋವ್ ಅನ್ನೋ ಪೊಲೀಸ್ ಅಧಿಕಾರಿ. ಸತ್ತವರ ಲೆಕ್ಕ ಒಬ್ಬೊಬ್ಬರು ಒಂದೊಂದು ಹೇಳ್ತಾರೆ, ಹಲವು ಲೆಕ್ಕಗಳಲ್ಲಿ 150ಕ್ಕೂ ಮೇಲೆ. ಆಮೇಲೆ ಗೃಹಮಂತ್ರಿ ಮಕಾರೊವ್ ದೂಮಾದಲ್ಲಿ (ರಷ್ಯಾದ ಸಂಸತ್ತು) ಎದ್ದು ನಿಂತು ‘ಹೀಗೇ ಆಗಿತ್ತು, ಮುಂದೂ ಹೀಗೇ ಆಗುತ್ತೆ’ ಅಂದ್ರು. ಆ ಮಾತು ಕೇಳಿ ದೇಶದ ತುಂಬಾ ಕಾರ್ಖಾನೆಗಳಲ್ಲಿ ಜನ ಕೆಲಸ ನಿಲ್ಲಿಸಿದ್ರು. ಇಷ್ಟೆಲ್ಲ ನಿಮ್ಮ ‘ಲಾಯಿತು’ ಒಳಗೆ ಮುಚ್ಚಿಹೋಗಿದೆ.

ನಾನು ಪತ್ರಿಕೆಯ ಡೆಸ್ಕಲ್ಲಿ ಕೆಲಸ ಕಲೀತಿದ್ದಾಗ ಅಲ್ಲಿ ಒಬ್ಬ ಹಿರಿಯರಿದ್ರು. ಲಾಠಿಚಾರ್ಜ್ ಸುದ್ದಿ ಬಂತು ಅಂದ್ರೆ ಕನ್ನಡಕ ಹಣೆ ಮೇಲೆ ಏರಿಸ್ಕೊಂಡು ಎರಡೇ ಕೇಳೋರು: ಆರ್ಡರ್ ಕೊಟ್ಟೋರು ಯಾರು, ಆ ಜನ ಏನು ಕೇಳೋಕೆ ಹೋಗಿದ್ರು? ಉತ್ತರ ಇಲ್ಲದ ಕಾಪಿ ಅವರ ಟೇಬಲ್ ದಾಟ್ತಿರಲಿಲ್ಲ, ಡೆಡ್‌ಲೈನ್ ಆಗ್ಲಿ ಏನೇ ಆಗ್ಲಿ. ಹೆಸರು ಹಾಕೋಕೆ ಧೈರ್ಯ ಬೇಕು, ಅದು ಬರೋದು ಕೇಳಿ ಕೇಳಿನೇ ಅನ್ನೋದು ಅವರ ನಂಬಿಕೆ. ನಂದೂ ಅದೇ.

ಇನ್ನೊಂದು ತಕರಾರು, ತ್ಸಾರನ ಹಣಕಾಸು ಮಂತ್ರಿಯಾಗಿದ್ದ ವಿಟ್ಟೆ ಬಗ್ಗೆ ನೀವು ಬರೆದಿದ್ದು. “ವಿಟ್ಟೆ ರಷ್ಯಾವನ್ನು ಆಧುನಿಕಗೊಳಿಸಿದರು. ಇನ್ನೊಂದೆಡೆ ದಮನವೂ ಮುಂದುವರಿಯಿತು.” ಇನ್ನೊಂದೆಡೆ ಅಂದ್ರೆ ಎಲ್ಲಿ ಸ್ವಾಮಿ? ರೈಲಿಗೆ, 1897ರಲ್ಲಿ ಚಿನ್ನಕ್ಕೆ ಕಟ್ಟಿದ ರೂಬಲ್‌ಗೆ ದುಡ್ಡು ಬಂದಿದ್ದು ವಿದೇಶಿ ಸಾಲದಿಂದ, ಆ ಸಾಲ ತೀರಿಸೋಕೆ ಗೋಧಿ ಎಕ್ಸ್‌ಪೋರ್ಟ್ ಆಗ್ಬೇಕಿತ್ತು, ರೈತ ಗೋಧಿ ಮಾರ್ಲೇಬೇಕು ಅಂದ್ರೆ ಅವನ ಮೇಲೆ ತೆರಿಗೆ ಬೀಳ್ಬೇಕಿತ್ತು, ಸೀಮೆಎಣ್ಣೆ ಬೆಂಕಿಪೊಟ್ಟಣನೂ ಬಿಡ್ಲಿಲ್ಲ. ವಿಟ್ಟೆ ಹಣಕಾಸು ಮಂತ್ರಿ ಆಗೋಕೆ ಮುಂಚೆನೂ ಲೆಕ್ಕ ಇದೇ, 1891ರ ಬರದಲ್ಲಿ ಜನ ಹಸಿವಿಂದ ಸತ್ತಿದ್ದು ಅದರ ಒಳಗೇನೇ. ಕಾರ್ಖಾನೆಯಲ್ಲಿ ಸ್ಟ್ರೈಕ್ ಮಾಡೋದು 1905ರ ಕೊನೆವರೆಗೂ ಕ್ರಿಮಿನಲ್ ಅಪರಾಧ. ಲೇನಾ ಗಣಿಯ ಷೇರುಗಳಲ್ಲಿ ದೊಡ್ಡ ಪಾಲು ಲಂಡನ್ನಿನ ಕಂಪನಿ ಕೈಯಲ್ಲಿತ್ತು, ಗಣಿ ಕಾಯೋಕೆ ಬಂದಿದ್ದು ತ್ಸಾರನ ಸೈನಿಕರು. ಬಂಡವಾಳನೂ ಬಂದೂಕೂ ಒಂದೇ ಗಣಿಯಲ್ಲಿದ್ವು, ನೀವು ಎರಡು ಅಧ್ಯಾಯ ಮಾಡಿ ಬೇರೆ ಬೇರೆ ಇಟ್ಟಿದ್ದೀರಾ.

ಸ್ಟೊಲಿಪಿನ್, ರಾಸ್ಪುಟಿನ್ ಎಲ್ಲ ತೆಗೀರಿ, ಬೇರೆ ಲೇಖನಕ್ಕೆ ಇಟ್ಕೊಳ್ಳಿ. ಲೇನಾದಿಂದ ಶುರು ಮಾಡಿ, ಕೂಪನ್ ಮತ್ತೆ ಮಾಂಸದ ವಿಷಯಕ್ಕೆ ಒಂದು ಪೂರ್ತಿ ಪುಟ ಕೊಡಿ, ವಿಟ್ಟೆ ಅಲ್ಲಿಂದ ಹಿಂದಕ್ಕೆ ಹೋಗ್ವಾಗ ಬರ್ಲಿ. ಮುಂದಿನ ತಿಂಗಳು 10ನೇ ತಾರೀಖಿನೊಳಗೆ ಕಳಿಸಿ, ನಾಲ್ಕು ಪುಟ ಖಾಲಿ ಇಟ್ಟಿರ್ತೀನಿ.