ದೇವರಿಗೆ ಕೊಟ್ಟ ಹಣದ ಲೆಕ್ಕ ಕೇಳುವುದು ತಪ್ಪೇ?

ನಿಮ್ಮ ಕ್ರೈಸ್ತ ಸಭೆಯಲ್ಲಿ ಆರು ವರ್ಷಗಳಿಂದ ವಾರ್ಷಿಕ ಲೆಕ್ಕವನ್ನೇ ಓದಿಲ್ಲ, ಕೇಳಿದರೆ ‘ದೇವರಿಗೆ ಕೊಟ್ಟದ್ದನ್ನು ದೇವರೇ ನೋಡಿಕೊಳ್ಳುತ್ತಾನೆ’ ಎಂಬ ಉತ್ತರ ಬರುತ್ತದೆ, ಹಾಗಾದರೆ ಕಾಣಿಕೆಯ ಹಣವನ್ನು ಸಭೆ ಹೇಗೆ ನಿರ್ವಹಿಸಬೇಕು ಎಂದು ಕೇಳಿದ್ದೀರಿ. ನೀವು ಕೇಳಿದ್ದು ಸರಿ. ಕರಾವಳಿಯ ಒಂದು ಸಣ್ಣ ಸಭೆಯಲ್ಲಿ ಒಂಬತ್ತು ವರ್ಷ ಖಜಾಂಚಿಯಾಗಿದ್ದವನು ನಾನು. ಅಲ್ಲಿ ಕಂಡದ್ದನ್ನೇ ಹೇಳುತ್ತೇನೆ.

ಆರಾಧನೆ ಮುಗಿದ ಮೇಲೆ ಕಾಣಿಕೆ ಚೀಲಗಳನ್ನು ವೆಸ್ಟ್ರಿಯ (ದೇವಾಲಯಕ್ಕೆ ಸೇರಿದ ಕೋಣೆಯ) ಮೇಜಿನ ಮೇಲೆ ಮಗುಚಿ ಎಣಿಸುತ್ತಿದ್ದೆವು. ಬೀಡಿ ಕಟ್ಟುವ ಒಬ್ಬ ತಾಯಿಯ ಕಾಣಿಕೆ ಕೈಗೆ ಬಂದ ಕೂಡಲೇ ಗೊತ್ತಾಗುತ್ತಿತ್ತು. ನಾಲ್ಕು ಮಡಿಕೆಯ ಇಪ್ಪತ್ತರ ನೋಟು, ಅದಕ್ಕೆ ಹೊಗೆಸೊಪ್ಪಿನ ವಾಸನೆ, ಲಕೋಟೆಯ ಮೇಲೆ ಮಗಳ ಕೈಬರಹದಲ್ಲಿ ‘ಮಾಡಿನ ರಿಪೇರಿಗೆ’. ದೇವಾಲಯದ ಹಂಚಿನ ಮಾಡಿನ (ಛಾವಣಿಯ) ಮರದ ಪಕ್ಕಾಸುಗಳಿಗೆ ಗೆದ್ದಲು ಹಿಡಿದಿತ್ತು. ಎರಡು ವರ್ಷ ಅದಕ್ಕಾಗಿಯೇ ಹಣ ಕೂಡಿಸಿದೆವು. ಆಮೇಲೆ ಸಮಿತಿ ಆ ಹಣದಲ್ಲಿ ಮೈಕ್ ಸೆಟ್ ತಂದಿತು, ಆವರಣಕ್ಕೆ ಹೊಸ ಗೇಟು ಹಾಕಿಸಿತು. ಯಾರೂ ಒಂದು ರೂಪಾಯಿಯನ್ನೂ ಜೇಬಿಗೆ ಹಾಕಿಕೊಳ್ಳಲಿಲ್ಲ, ರಸೀದಿಗಳೆಲ್ಲ ಇದ್ದವು. ಆದರೂ ಅದು ತಪ್ಪು, ಮತ್ತು ಚೆಕ್ಕಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಜೂನ್ ತಿಂಗಳ ಮಳೆಗೆ ಹೆಂಗಸರ ಸಾಲಿನ ಮೇಲೆ ನೀರು ತೊಟ್ಟಿಕ್ಕತೊಡಗಿದಾಗ ಆ ತಾಯಿ ಬಂದು, ‘ಅಣ್ಣಾ, ಮಾಡಿನ ಕೆಲಸ ಯಾವಾಗ?’ ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.

ಆ ವಾರ ಬೈಬಲಿನ ಎರಡನೆಯ ಅರಸುಗಳ ಗ್ರಂಥದ 12ನೆಯ ಅಧ್ಯಾಯವನ್ನು ಮತ್ತೆ ಮತ್ತೆ ಓದಿದೆ. ದೇವಾಲಯದ ರಿಪೇರಿಗೆಂದು ಯಾಜಕರೇ ಹಣ ತೆಗೆದುಕೊಳ್ಳುತ್ತಿದ್ದರು, ಆದರೆ ಯೋವಾಷ ಅರಸನ ಆಳ್ವಿಕೆಯ 23ನೆಯ ವರ್ಷವಾದರೂ ರಿಪೇರಿ ಆಗಿರಲಿಲ್ಲ. ಆಗ ಯಾಜಕ ಯೆಹೋಯಾದ ಒಂದು ಪೆಟ್ಟಿಗೆಯ ಮುಚ್ಚಳಕ್ಕೆ ತೂತು ಕೊರೆದು ಯಜ್ಞವೇದಿಯ ಬಲಗಡೆ ಇಟ್ಟ. ಪೆಟ್ಟಿಗೆ ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ ಕೂಡಿಯೇ ಎಣಿಸಿದರು, ಹಣ ಬಡಗಿಗಳಿಗೂ ಕಲ್ಲುಕುಟಿಗರಿಗೂ ಹೋಯಿತು. ಕೆಲಸ ಮಾಡಿಸಿದವರು ನಂಬಿಗಸ್ತರಾಗಿದ್ದರಿಂದ ಅವರಿಂದ ಲೆಕ್ಕ ಕೇಳಲಿಲ್ಲ ಎಂಬ ಮಾತೂ ಅಲ್ಲಿದೆ. ನಿಮ್ಮವರು ಅದನ್ನೇ ಎತ್ತಿ ತೋರಿಸಬಹುದು. ಆದರೆ ಆ ನಂಬಿಕೆಗೆ ಮೊದಲು ಮುಚ್ಚಿದ ಪೆಟ್ಟಿಗೆ ಬಂದಿತ್ತು, ಎಣಿಸಲು ಬೇರೆ ಬೇರೆ ಕಡೆಯ ಇಬ್ಬರು ಕುಳಿತಿದ್ದರು. ಅಪೊಸ್ತಲ ಪೌಲನೂ ಯೆರೂಸಲೇಮಿನ ಬಡವರ ಹಣವನ್ನು ಒಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ಯಾರೂ ತಪ್ಪು ಹೊರಿಸಬಾರದೆಂದು ತನ್ನ ಜೊತೆಗೆಲಸದ ತೀತನ ಜೊತೆಗೆ ಸಭೆಗಳೇ ಆರಿಸಿದವರನ್ನು ಸೇರಿಸಿದ.

ಕ್ಯಾಥೊಲಿಕ್ ಧರ್ಮಸಭೆಯಲ್ಲಿ ಇದು ಕಾನೂನೇ ಆಗಿದೆ. 1983ರ ಧರ್ಮಸಭಾ ಕಾನೂನು ಸಂಹಿತೆಯ 537ನೆಯ ವಿಧಿಯಂತೆ ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಬೇಕು. 1267ನೆಯ ವಿಧಿಯಂತೆ ಒಂದು ಉದ್ದೇಶಕ್ಕೆ ಕೊಟ್ಟ ಕಾಣಿಕೆ ಆ ಉದ್ದೇಶಕ್ಕೇ ಹೋಗಬೇಕು. ಭಕ್ತರು ಕೊಟ್ಟದ್ದರ ಲೆಕ್ಕವನ್ನು ಭಕ್ತರಿಗೇ ಒಪ್ಪಿಸಬೇಕೆಂದು 1287ನೆಯ ವಿಧಿ ಹೇಳುತ್ತದೆ. ಇನ್ನು ವಿದೇಶದಿಂದ ಹಣ ಬರುವ ಸಭೆಯಾದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ 2020ರ ತಿದ್ದುಪಡಿಯ ನಂತರ ಅದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು, ಆ ಹಣದಲ್ಲಿ ಆಡಳಿತ ವೆಚ್ಚ ಶೇ. 20 ದಾಟಬಾರದು.

ನಾವು ಏನು ಬದಲಿಸಿದೆವು? ಎಣಿಸಲು ಪ್ರತಿ ವಾರ ಒಂದೇ ಮನೆಯವರಲ್ಲದ ಇಬ್ಬರು, ಅವರಲ್ಲಿ ಒಬ್ಬರು ಸಮಿತಿಯ ಹೊರಗಿನವರು. ಎಣಿಸಿದ ಮೊತ್ತ ಅಂದೇ ಪುಸ್ತಕಕ್ಕೆ, ಮರುದಿನ ಬ್ಯಾಂಕಿಗೆ. ಬಂದ ನಗದಿನಿಂದಲೇ ಖರ್ಚು ಮಾಡುವ ಅಭ್ಯಾಸವನ್ನು ಪೂರ್ತಿ ಬಿಟ್ಟೆವು, ಏಕೆಂದರೆ ಲೆಕ್ಕ ತಪ್ಪುವುದು ಹೆಚ್ಚಾಗಿ ಅಲ್ಲಿಯೇ. ಮಾಡಿನ ನಿಧಿಗೆ ಬೇರೆ ಖಾತೆ ತೆರೆದು, ತೆಗೆದ ಹಣವನ್ನು ಸುಗ್ಗಿ ಹಬ್ಬದ ಏಲಂನ ಹಣದಿಂದ ತುಂಬಿಸಿದೆವು. ಒಂದು ನಿಧಿಯ ಹಣ ಇನ್ನೊಂದಕ್ಕೆ ಬೇಕೇಬೇಕಾದರೆ ಸಭೆಯ ಮುಂದೆ ಕೇಳಿ ಒಪ್ಪಿಗೆ ಪಡೆಯಬೇಕೆಂದು ಬರೆದಿಟ್ಟೆವು.

ಖರ್ಚಿನಲ್ಲಿ ನನ್ನ ಅಭಿಪ್ರಾಯ ಕಟ್ಟುನಿಟ್ಟು. ಸಭಾಪಾಲಕರ ಮತ್ತು ದೇವಾಲಯ ಗುಡಿಸುವವರ ಸಂಬಳ ತಿಂಗಳ ಮೊದಲ ವಾರದಲ್ಲೇ ಆಗಬೇಕು. ನಂತರ ಬಡವರ ನಿಧಿ: ಆಸ್ಪತ್ರೆಯ ಬಿಲ್ಲು, ಮಕ್ಕಳ ಶುಲ್ಕ, ವಿಧವೆಯರ ಮನೆಯ ಅಕ್ಕಿ. ಕಟ್ಟಡ, ಅಲಂಕಾರ, ಜೂಬಿಲಿಯ ಪೆಂಡಾಲು ಇವೆಲ್ಲ ಆಮೇಲೆ. ಸಹಾಯ ಪಡೆದ ಮನೆಯವರ ಹೆಸರು ಲೆಕ್ಕಪತ್ರದಲ್ಲಿ ಬರಲೇಬಾರದು, ಮೊತ್ತ ಮಾತ್ರ ಸಾಕು. ಕೊಟ್ಟವರ ಹೆಸರನ್ನು ಮೊತ್ತದ ಸಮೇತ ವೇದಿಕೆಯಿಂದ ಓದುವುದನ್ನೂ ನಾನು ಒಪ್ಪುವುದಿಲ್ಲ. ಐದು ಸಾವಿರದ ಪಕ್ಕದಲ್ಲಿ ಆ ಇಪ್ಪತ್ತು ರೂಪಾಯಿಯನ್ನು ಓದಿಸಿಕೊಳ್ಳುವಾಗ ಆ ತಾಯಿ ತಲೆ ತಗ್ಗಿಸಬೇಕಾಗಿ ಬಂದರೆ ತಪ್ಪು ನಮ್ಮದು.

ನೀವು ಮೊದಲು ಸಭಾಪಾಲಕರನ್ನು ಮನೆಯಲ್ಲಿ ಕಂಡು ಸಮಾಧಾನವಾಗಿ ಮಾತನಾಡಿ. ಲೆಕ್ಕ ತೆರೆದಿಟ್ಟರೆ ಅಪವಾದದಿಂದ ಮೊದಲು ಪಾರಾಗುವವರು ಅವರೇ, ಅದನ್ನು ಅವರಿಗೆ ಹೇಳಿ. ಆಗಲಿಲ್ಲವೆಂದರೆ ನಾಲ್ಕೈದು ಸದಸ್ಯರ ಸಹಿ ಹಾಕಿಸಿ, ಕಳೆದ ವರ್ಷದ ಆಡಿಟ್ ಆದ ಲೆಕ್ಕವನ್ನು ಮಹಾಸಭೆಯಲ್ಲಿ ಓದಬೇಕೆಂದು ಸಮಿತಿಗೆ ಬರೆದು ಕೊಡಿ, ಅದರ ಒಂದು ಪ್ರತಿಯನ್ನು ಇಟ್ಟುಕೊಳ್ಳಿ. ಆರೂ ವರ್ಷದ್ದನ್ನು ಒಟ್ಟಿಗೆ ಕೇಳಬೇಡಿ, ಒಂದರಿಂದ ಆರಂಭಿಸಿ. ಅದಕ್ಕೂ ಉತ್ತರ ಬಾರದಿದ್ದರೆ ಮೇಲಿನ ಡಯಾಸಿಸ್ (ಬಿಷಪರ ಧರ್ಮಪ್ರಾಂತ್ಯದ) ಕಚೇರಿಗೆ ಬರೆಯಿರಿ. ಅಲ್ಲಿಯವರೆಗೆ ಕಾಣಿಕೆ ನಿಲ್ಲಿಸಬೇಡಿ. ಲಕೋಟೆಯ ಮೇಲೆ ಯಾವುದಕ್ಕೆ ಎಂದು ಸ್ಪಷ್ಟವಾಗಿ ಬರೆದು ಹಾಕಿ, ರಸೀದಿ ಕೇಳಿ ಪಡೆಯಿರಿ.