ಕ್ಯಾನ್ಸರ್ ಪಾಠ ಮೇಷ್ಟ್ರ ಕೆಲಸವೇ?

ಮುಂಬಯಿಯ ಕನ್ನಡ ಮಾಧ್ಯಮ ಶಾಲೆಯೊಂದರ ಶಿಕ್ಷಕಿ ಬರೆದಿದ್ದಾರೆ: ‘ಎಂಟನೇ ತರಗತಿಗೆ ಕ್ಯಾನ್ಸರ್ ಬಗ್ಗೆ ಪಾಠ ಮಾಡಬೇಕಂತೆ. ಸ್ಟಾಫ್ ರೂಮಿನಲ್ಲಿ ಯಾರೂ ಒಪ್ಪುತ್ತಿಲ್ಲ. ಅದು ಡಾಕ್ಟರ ಕೆಲಸ, ಮಕ್ಕಳು ಹೆದರುತ್ತಾರೆ ಅನ್ನುತ್ತಾರೆ. ನನ್ನ ತರಗತಿಯ ಹುಡುಗನೊಬ್ಬನ ತಾಯಿಗೆ ಕೀಮೋ ನಡೆಯುತ್ತಿದೆ. ಅವನೆದುರು ಹೇಗೆ ಬಾಯಿ ತೆರೆಯಲಿ?’

ಸಹೋದ್ಯೋಗಿಗಳ ಅಳುಕು ಅರ್ಥವಾಗುತ್ತದೆ. ‘ಡಾಕ್ಟರ ಕೆಲಸ’ ಎನ್ನುವುದನ್ನು ಮಾತ್ರ ಒಪ್ಪಲಾರೆ. ನಮ್ಮದೇ ಮುಂಬಯಿಯ ಕೊಳೆಗೇರಿಗಳಲ್ಲಿ ಪರೇಲಿನ ಟಾಟಾ ಆಸ್ಪತ್ರೆಯವರು 1998ರಿಂದ ಸುಮಾರು ಒಂದೂವರೆ ಲಕ್ಷ ಹೆಂಗಸರ ನಡುವೆ ಗರ್ಭಕಂಠದ ಕ್ಯಾನ್ಸರ್ ಅಧ್ಯಯನ ನಡೆಸಿದರು. ವಿನೆಗರ್‌ನಲ್ಲಿರುವ ಆಮ್ಲ ಹಚ್ಚಿ ನೋಡುವ ಸರಳ ತಪಾಸಣೆ; ಮಾಡಿದವರು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು, ವೈದ್ಯರಲ್ಲ. ತಪಾಸಣೆ ನಡೆದ ಗುಂಪಿನಲ್ಲಿ ಆ ಕ್ಯಾನ್ಸರಿನ ಸಾವು ಶೇ 31ರಷ್ಟು ಇಳಿಯಿತು. ಬಾಯಲ್ಲಿ ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದ ಬಿಗಿತ ಕಂಡರೆ ಬಾಯಿ ಕ್ಯಾನ್ಸರಿನ ಸುಳಿವಿರಬಹುದು, ಡಾಕ್ಟರಿಗೆ ತೋರಿಸಿಕೊಳ್ಳಬೇಕು ಎನ್ನಲು ಮೇಷ್ಟ್ರಿಗೆ ಎಂಬಿಬಿಎಸ್ ಬೇಕೆ?

ಮಹಾರಾಷ್ಟ್ರದಲ್ಲಿ 2012ರಿಂದ ಗುಟ್ಕಾ ನಿಷೇಧವಿದೆ. ಶಾಲೆಯ ನೂರು ಗಜದೊಳಗೆ ತಂಬಾಕು ಮಾರಕೂಡದೆಂದು 2003ರ ಕೇಂದ್ರ ಕಾಯ್ದೆಯೂ ಇದೆ. ಆದರೂ ಪೊಟ್ಟಣ ಎಲ್ಲಿ ಸಿಗುತ್ತದೆಂದು ನಿಮ್ಮ ಹುಡುಗರನ್ನೇ ಕೇಳಿ. ನಮ್ಮವರಿಗೆ ಕಷ್ಟವಾಗುವುದು ಅಡಿಕೆಯ ಮಾತು. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿತು. ಊರಿನ ಅಡಿಕೆ ತೋಟದ ದುಡ್ಡಿನಲ್ಲಿ ಓದಿದವರಿಗೆ ಇದು ಗಂಟಲಲ್ಲಿ ಇಳಿಯುವುದಿಲ್ಲ. (ಕವಳ ಹಾಕುವ ಮೇಷ್ಟ್ರು ಪಾಠ ಮಾಡಿದರೆ ಮಕ್ಕಳು ನಗುತ್ತಾರಂತೆ. ನಗಲಿ, ಅವರೇ ಮಾಡಲಿ ಎನ್ನುವವನು ನಾನು.)

ಇನ್ನು ಆ ಹುಡುಗ. ಅವನ ಹೆದರಿಕೆ ನಿಮ್ಮ ಪಾಠದಿಂದ ಹುಟ್ಟುವಂಥದ್ದಲ್ಲ. ಮನೆಯಲ್ಲಿ ದೊಡ್ಡವರು ಅವನನ್ನು ಕಂಡೊಡನೆ ಮಾತು ನಿಲ್ಲಿಸಿದಾಗಲೇ ಅದು ಹುಟ್ಟಿರುತ್ತದೆ. ಮೊದಲು ಅವನ ಮನೆಯವರೊಡನೆ ಮಾತಾಡಿ, ಆಮೇಲೆ ಅವನಿಗೂ ಮುಂಚಿತವಾಗಿ ತಿಳಿಸಿ. ಬೇಡವೆಂದರೆ ಆ ಪೀರಿಯಡ್ ಅವನು ಲೈಬ್ರರಿಯಲ್ಲಿ ಕೂರಲಿ. ಪಾಠಕ್ಕೆ ಕೂತರೆ, ಎಲ್ಲರ ನಡುವೆ ಅವನತ್ತ ನೋಡಬೇಡಿ. ಡಬ್ಬಿ ಹಂಚಿಕೊಂಡರೆ ಕ್ಯಾನ್ಸರ್ ಅಂಟುವುದಿಲ್ಲವೆಂದು ತಪ್ಪದೆ ಹೇಳಿ. ಯಾವ ಚಟವೂ ಇಲ್ಲದವರಿಗೂ ಬರುತ್ತದೆಂಬುದನ್ನು ಇನ್ನೂ ಒತ್ತಿ ಹೇಳಿ. ತಂಬಾಕಿನ ಮಾತಷ್ಟೇ ಆಡಿ ಬಿಟ್ಟರೆ, ಅಮ್ಮ ಮಾಡಿದ ತಪ್ಪೇನು ಎಂದು ಅವನು ರಾತ್ರಿಯಿಡೀ ಹುಡುಕುತ್ತಾನೆ.

ಹೆಣ್ಣುಮಕ್ಕಳ ಪಾಲಕರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ವಿಷಯವನ್ನು ಬೇರೆಯಾಗಿ ತಿಳಿಸಿ. ಒಂಬತ್ತರಿಂದ ಹದಿನಾಲ್ಕು ಅದಕ್ಕೆ ತಕ್ಕ ವಯಸ್ಸು, ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ 2023ರಿಂದ ಇಲ್ಲೇ ತಯಾರಿಸಿ ಕೊಡುತ್ತಿದೆ.

ಪಾಠ ಮುಗಿದ ಮೇಲೆ ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆಸಿ. ನಿಮಗೆ ಉತ್ತರ ಹೊಳೆಯದ ಚೀಟಿಗಳನ್ನು ನಮಗೆ ಕಳಿಸಿದರೆ, ತಜ್ಞರಿಂದ ಉತ್ತರ ಬರೆಸಿ ಅಚ್ಚು ಹಾಕುತ್ತೇವೆ.

— ಸಂಪಾದಕ